ಪರದೆಯ ಮೇಲೆ ಕೆಮ್ಮಿದವನಿಗೆ

ಬಂಗಾರಪೇಟೆ
20ನೇ ಜನವರಿ 1947

ಕೈಗೆ ಲಕ್ವ ಹೊಡೆಯದಿದ್ದರೂ ಹತ್ತು ತಿಂಗಳಿಂದ ಒಂದು ಸಾಲು ಬರೆಯದ ಮೊಮ್ಮಗ ಆದಿನಾರಾಯಣನಿಗೆ, ಅಜ್ಜಿ ಅಮ್ಮಾಜಮ್ಮ ಬೈದುಕೊಂಡೇ ಮಾಡುವ ಆಶೀರ್ವಾದ.

ಕೂತು ಓದು. ಮಡಿಸಿ ಜೇಬಿಗಿಟ್ಟು ಆಮೇಲೆ ನೋಡೋಣ ಅನ್ನುವ ನಿನ್ನ ಚಾಳಿ ನನಗೆ ಗೊತ್ತು. ಮೂರನೇ ಕ್ಲಾಸು ಓದಿದ ನಾನೇ ಕನ್ನಡಕಕ್ಕೆ ದಾರ ಕಟ್ಟಿಕೊಂಡು ಬರೆಯುತ್ತಿದ್ದೇನೆ, ನಿನಗೇನು ಬಂದಿದೆ ರೋಗ? ಈ ಮಾತು ಹೊಡೆದು ಹಾಕೋಣವೆಂದುಕೊಂಡೆ. ಕಾಗದ ಹಾಳಾಗುತ್ತದೆ, ಇರಲಿ.

ಗಣಿ ಬಿಟ್ಟು ಮದರಾಸಿಗೆ ಹೋಗಿ ನೀನು ವೇಷ ಕಟ್ಟಿದ ಸಿನಿಮಾ ಆಟ ಊರಿಗಾಂ ಟೆಂಟಿಗೆ ಬಂದಿದೆ ಎಂದು ನಿನ್ನ ಜೊತೆ ಗಣಿಗಿಳಿಯುತ್ತಿದ್ದ ಬಚ್ಚಪ್ಪ ಹೇಳಿ ಕಳಿಸಿದ. ನಿನ್ನ ಹೆಂಡತಿ ಗಂಗರತ್ನ ಹೊಸ ಸೀರೆ ಉಟ್ಟು, ತಲೆ ತುಂಬ ಕನಕಾಂಬರ ಮುಡಿದು ನನ್ನ ಜೊತೆ ಹೊರಟಳು, ಗಂಡನೇ ರೈಲಿಳಿದು ಬರುತ್ತಾನೇನೋ ಅನ್ನುವ ಹಾಗೆ.

ಸುಳ್ಳೇಕೆ ಹೇಳಲಿ, ನೋಡುವುದಕ್ಕೆ ಕಣ್ಣು ಸಾಲದು. ಸಮುದ್ರ ಅಂದರೆ ಬೆಳ್ಳಿ ಕರಗಿಸಿ ಸುರಿದ ಹಾಗೆ. ಹಡಗಿನ ಬಟ್ಟೆಗಳು ಗಾಳಿಗೆ ಉಬ್ಬಿದಾಗ ಟೆಂಟೇ ಎದ್ದು ಹೋದೀತೆಂದು ನೆಲ ಹಿಡಿದುಕೊಂಡೆ. ಆದರೆ ಎಷ್ಟು ಉದ್ದವೋ! ರಾಜ ಹೊಸ ದೇಶ ಹುಡುಕಿಕೊಂಡು ಬಾ ಎಂದು ಕಳಿಸಿದರೆ, ಆ ನಾಯಕ ಹಗ್ಗ ಬಿಚ್ಚುವುದಕ್ಕೆ ಮುಂಚೆ ಮೂರು ಹಾಡು ಹಾಡಿದ. ನಾನಾಗಿದ್ದರೆ ಅಷ್ಟರಲ್ಲಿ ಹೋಗಿ ಬಂದು ಮುದ್ದೆ ತಿರುವುತ್ತಿದ್ದೆ. ಪಕ್ಕದವಳ ಕೂಸು ಎರಡು ಸಲ ಮಲಗಿ ಎರಡು ಸಲ ಎದ್ದಿತು.

ಆಮೇಲೆ ಹುಟ್ಟು ಹಾಕುವವರ ಸಾಲಿನಲ್ಲಿ ನೀನು ಕಂಡೆ.

ಮುಖಕ್ಕೆ ಗಡ್ಡ ಅಂಟಿಸಿದ್ದರು, ಗಂಗರತ್ನಳಿಗೆ ಗುರುತು ಸಿಗಲಿಲ್ಲ. ನೀನು ಕೆಮ್ಮಿದೆ. ಎಡಗಡೆ ತಿರುಗಿ ಮೊಣಕೈಯಿಂದ ಪಕ್ಕೆ ಒತ್ತಿಕೊಂಡೆ. ನಿನ್ನ ತಾತನೂ ಹಾಗೇ ಒತ್ತಿಕೊಳ್ಳುತ್ತಿದ್ದರು. ಅಷ್ಟು ಹೊತ್ತು ಸಿಳ್ಳು ಹೊಡೆಯುತ್ತಿದ್ದ ಗಣಿಯ ಗಂಡಸರು ಬಾಯಿಂದ ಬೆರಳು ತೆಗೆದರು. ಬಚ್ಚಪ್ಪ ನನ್ನ ಕಿವಿಯ ಹತ್ತಿರ ಬಗ್ಗಿ, "ಇದು ಏಸ ಕಟ್ಟಿದ್ದಲ್ಲ ಕಣಜ್ಜೀ, ನಮ್ಮ ಗಣಿ ಧೂಳು" ಅಂದ.

ಮದರಾಸಿನ ಗಾಳಿಗೆ ಎದೆ ತಿಳಿಯಾಯಿತು ಎಂದು ಬರೆದಿದ್ದೆಯಲ್ಲೋ ಸುಳ್ಳುಗಾರ.

ಹಡಗಿನಲ್ಲಿ ನೀರು ಮುಗಿದು ನೀನು ಸತ್ತೆ. ನಿನ್ನನ್ನು ಬಟ್ಟೆಯಲ್ಲಿ ಸುತ್ತಿ ಹಲಗೆಯ ಮೇಲಿಟ್ಟರು. ಅದಕ್ಕೂ ಒಂದು ಹಾಡು. ಗಂಗರತ್ನ ನನ್ನ ತೋಳು ಹಿಡಿದು, "ಎದೆ ಆಡ್ತೈತಾ ನೋಡಜ್ಜೀ, ಎದೆ ಆಡ್ತೈತಾ ನೋಡು" ಎಂದು ಕೂಗಿದಳು. ನಿನ್ನನ್ನು ನೀರಿಗೆ ಜಾರಿಸಿದಾಗ ಎರಡೂ ಕೈಗಳನ್ನು ಟೆಂಟಿನ ಕಂಬಕ್ಕೆ ಹೊಡೆದು ಬಳೆಗಳನ್ನೆಲ್ಲ ಒಡೆದುಕೊಂಡಳು. ನಾನು ಕಪಾಳಕ್ಕೊಂದು ಬಿಟ್ಟು, "ಆಟ ಕಣೇ ಇದು, ಮುಂಡೇದೇ!" ಅಂದೆ. ಯಾವ ಹೊತ್ತಿನಲ್ಲಿ ಯಾವ ಮಾತು ಬಂತು ನೋಡು ನನ್ನ ಬಾಯಿಗೆ.

ನೀನು ಹೋದ ಮೇಲೆ ಆಟ ಇನ್ನೂ ಒಂದೂವರೆ ಗಂಟೆ ನಡೆಯಿತು. ನಾಯಕನಿಗೆ ದೇಶ ಸಿಕ್ಕಿತು, ಕುಣಿದರು, ಹೂವು ಎರಚಿದರು. ನಿನ್ನ ಹೆಸರು ಒಬ್ಬನೂ ಎತ್ತಲಿಲ್ಲ.

ಮಾರನೇ ದಿನ ನಾನೊಬ್ಬಳೇ ಮತ್ತೆ ಹೋಗಿ ಪರದೆಯ ಬುಡದಲ್ಲೇ ಕೂತೆ. ಬಟ್ಟೆಯೊಳಗೆ ಎದೆ ಆಡುತ್ತಿತ್ತು, ಕಣ್ಣಾರೆ ನೋಡಿದೆ. ಖುಷಿಯಲ್ಲಿ ಸಿನಿಮಾ ಮಿಷಿನ್ನು ತಿರುಗಿಸುವ ತಮಿಳರ ಆರುಮುಗಂಗೆ ಹೇಳಿದರೆ ಅವನು, "ಪಾಟೀ, ಇದು ತೆಗ್ದು ವರ್ಸದ ಮೇಲಾಯ್ತು. ಈಗ ಅವ್ನು ಎಂಗವ್ನೋ ಈ ರೀಲಿಗೇನು ಗೊತ್ತು?" ಅಂದ.

ಎದೆ ಆಡುತ್ತಿತ್ತು ಎಂದು ಗಂಗರತ್ನಳಿಗೆ ಹೇಳಿದ್ದೇನೆ. ವರ್ಷದ ಮಾತು ಹೇಳಿಲ್ಲ. ಗಂಡ ಬದುಕಿರುವಾಗ ಕೈಯಾರೆ ಒಡೆದುಕೊಂಡವಳಿಗೆ, ಅವನ ಕೈಬರಹ ಬರುವ ತನಕ ಬಳೆ ತೊಡಿಸಬಾರದೆಂದು ಬೀದಿಯ ಹೆಂಗಸರು ಹಟ ಹಿಡಿದಿದ್ದಾರೆ. ನಾನು ಬೈದೆ, ಯಾರೂ ಕೇಳಲಿಲ್ಲ. ಅವಳು ಬರಿಗೈಯಲ್ಲಿ, ಹಣೆಯಲ್ಲಿ ಮಾತ್ರ ಕುಂಕುಮವಿಟ್ಟುಕೊಂಡು ಕೂತಿದ್ದಾಳೆ. ಬಾವಿಯ ಹತ್ತಿರ ಹೋದರೆ ಅವಳನ್ನು ಯಾವ ಸಾಲಿನಲ್ಲಿ ನಿಲ್ಲಿಸಬೇಕೆಂದು ಅವರಿಗೇ ತಿಳಿಯುವುದಿಲ್ಲ.

ಇಂತಿ ನಿನ್ನನ್ನು ಸಾಕಿದ ತಪ್ಪಿಗೆ,
ಅಜ್ಜಿ ಅಮ್ಮಾಜಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ತಾತ ತೀರಿಕೊಂಡ ಮೇಲೆ ನಿನ್ನನ್ನು ಗಣಿಗೆ ಸೇರಿಸಲು ಕರೆದುಕೊಂಡು ಹೋದೆನಲ್ಲ, ಅವತ್ತು ದೃಷ್ಟಿಯಾಗಬಾರದೆಂದು ಹೇಳಿ ನಿನ್ನ ತುಟಿಯ ಮೇಲೆ ದೀಪದ ಮಸಿ ಸವರಿದ್ದೆ. ದೃಷ್ಟಿಗಲ್ಲ ಕಣೋ, ಮೀಸೆ ಕಾಣಲಿ ಅಂತ. ಹದಿನೆಂಟು ಎಂದು ಮೇಸ್ತ್ರಿಗೆ ಹೇಳಿದೆ, ನೀನೂ ಅದನ್ನೇ ನಂಬಿದೆ. ನಿನಗೆ ಆಗ ಹದಿನಾಲ್ಕು. ಈಗ ಮೂವತ್ತಲ್ಲ, ಇಪ್ಪತ್ತಾರು. ಬೈಯುವುದಿದ್ದರೆ ಬೈದು ಬರೆ. ಬೇರೆಯವರ ಕೈಯಲ್ಲಿ ಬರೆಸಬೇಡ. ಬರುವ ತಿಂಗಳು ಹುಟ್ಟುವುದರೊಳಗೆ ಜವಾಬು ಬರಬೇಕು.