ಬಾಣಂತಿ ಮಂಚದ ಕೆಳಗಿನ ಬ್ಯಾಟರಿ

ತಂಬೂರ, ಸೋಮವಾರ

ಕಲಘಟಗಿಯ ಬ್ಯಾಟರಿ ಅಂಗಡಿಯ ಈರಬಸಪ್ಪನಿಗೆ ಭರಮಪ್ಪ ಬರೆಯುವುದು.

ಕರೆಂಟು ಹೋದಾಗ ಬಾಣಂತಿ ಕೋಣೆಯಲ್ಲಿ ದೀಪ ಇರಲೆಂದು ನಿನ್ನಿಂದ ಬ್ಯಾಟರಿ, ಚಾರ್ಜರ್ ತಂದೆ. ಚಾರ್ಜಿಗೆ ಹಚ್ಚಿದರೆ ಬೆಚ್ಚಗಾಗುತ್ತಿತ್ತು. ಅದನ್ನು ಕಂಡು ನನ್ನ ಹೆಂಡತಿ ಸಾವಕ್ಕ ಕೆಂಡದ ಅಗ್ಗಿಷ್ಟಿಗೆ ಹೊರಗಿಟ್ಟು, ಬ್ಯಾಟರಿಯನ್ನೇ ಮಗಳ ಮಂಚದ ಕೆಳಗೆ ತಳ್ಳಿದಳು. “ಹೊಗಿ ಇಲ್ಲ, ಬೂದಿ ಇಲ್ಲ. ಕೂಸು ಅಗದಿ ಆರಾಮ ಮಲಗತೈತಿ,” ಅಂದಳು. ನಾನೂ ಹೂಂ ಅಂದೆ.

ಈಗ ಅದರ ಒಂದು ಬಾಜು ಉಬ್ಬಿದೆ. ಮುಟ್ಟಿದರೆ ಸುಡುತ್ತದೆ. ಚಾರ್ಜರ್ ತೆಗೆದರೂ ಕಾವು ಇಳಿಯುವುದಿಲ್ಲ. ಮೊನ್ನೆ ಬ್ಯಾಟರಿಯೊಳಗೆ ಹಾಕಿದ ನೀರು ಇವತ್ತು ಕಾಣುವುದಿಲ್ಲ. ಕೋಣೆ ತುಂಬ ಕೊಳೆತ ತತ್ತಿಯ ನಾತ. ಸಾವಕ್ಕ ಕೂಸಿನ ಬಟ್ಟೆ ಒಗೆದೂ ಒಗೆದೂ ಸುಸ್ತಾದಳು, ನಾತ ಹೋಗಲಿಲ್ಲ.

ಕಾವು ಬಂದರೆ ಚಾರ್ಜ್ ತುಂಬಿದೆ ಎನ್ನಬೇಕೋ, ಕೆಡುತ್ತಿದೆ ಎನ್ನಬೇಕೋ? ಮಾರುವಾಗ ದೀಪ ಎಷ್ಟು ಹೊತ್ತು ಉರಿಯುತ್ತದೆ ಎಂದಷ್ಟೇ ಹೇಳಿದೆ. ಉಳಿದದ್ದು ಹೇಳಲು ಬಾಯಲ್ಲೇನು ಕಡುಬು ಇತ್ತೇ? ನನಗೆ ಒಂದೂ ತಿಳಿಯದೆ ಅದನ್ನು ಹಿತ್ತಲಲ್ಲಿ, ಬಣವೆಯಿಂದ ದೂರ ಇಟ್ಟಿದ್ದೇನೆ. “ಬಾಣಂತಿ ಕಾವು ಕಸಗೊಂಡ್ರಿ, ನೀವೇನ್ ಮನಶಾರೇನ್ರಿ?” ಎಂದು ಸಾವಕ್ಕ ಮಾತು ಬಿಟ್ಟಿದ್ದಾಳೆ.

ಈ ಚೀಟಿ ತಂದ ಹನಮಂತಪ್ಪನ ಕೈಯಲ್ಲೇ ಉತ್ತರ ಕಳಿಸು. ಹೆದರುವಂಥದ್ದಲ್ಲದಿದ್ದರೆ ಅವನಿಗೆ ಬಾಯಿಮಾತಲ್ಲಿ ಹೇಳು. ಎಲ್ಲರೆದುರು ಸಾವಕ್ಕ ನನ್ನನ್ನು ಬೈದುಕೊಳ್ಳಲಿ. ಹೆದರುವಂಥದ್ದಾದರೆ ಬರೆದು, ಮಡಚಿ ಕೊಡು, ನಾನೊಬ್ಬನೇ ಓದುತ್ತೇನೆ. ಕೂಸನ್ನು ಇಷ್ಟು ದಿನ ಎಂಥದರ ಮೇಲೆ ಮಲಗಿಸಿಕೊಂಡಿದ್ದಳು ಎಂದು ಮಗಳಿಗೆ ತಿಳಿಯುವುದು ಬೇಡ.

ಇಷ್ಟೇ.
ಭರಮಪ್ಪ