ಬಸುರಿಯ ಎದುರು ಹೇಳಬಾರದ ನೋವು

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಗುಬ್ಬಿ,

ನಿನ್ನ ಪತ್ರ ಕೈಸೇರಿ ತಿಂಗಳ ಮೇಲಾಯಿತು. ಉತ್ತರ ತಡವಾಯಿತೆಂದು ಬೈಯಬೇಡ. ಬೈದರೂ ನನಗೇನೂ ಆಗುವುದಿಲ್ಲ ಅನ್ನು. ಮೂವತ್ತು ವರ್ಷ ಟ್ರಾಫಿಕ್ ಪೊಲೀಸಾಗಿ ಚೌಕದ ನಡುವೆ ಸೀಟಿ ಹಿಡಿದು ನಿಂತು, ಲಾರಿಯವರ ಬೈಗುಳ ತಿಂದು ಗಟ್ಟಿಯಾದ ಜೀವ ಇದು. ನಿನ್ನ ಭಾವ ಚೆನ್ನಾಗಿದ್ದಾರೆ. ಕಿವಿ ಇನ್ನಷ್ಟು ಮಂದವಾಗಿದೆ, ಹಾಗಾಗಿ ಮನೆಯಲ್ಲಿ ಜಗಳ ಕಡಿಮೆ. ಮೊನ್ನೆ ಗಂಟಲು ಹರಿದುಕೊಂಡು ಬೈದೆ, ಅವರು ತಲೆಯಾಡಿಸಿ 'ಹೌದೌದು, ಟೀ ಆದ್ರೆ ಒಳ್ಳೇದು' ಅಂದರು.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಮಂಡಿಯ ಮಾತು ತೆಗೆದ ಕೂಡಲೇ ನೀನು 'ಆಯ್ತಕ್ಕ, ಒಲೆ ಮೇಲೆ ಹಾಲಿದೆ' ಅನ್ನುತ್ತೀಯ. ನಿನ್ನ ಮನೆಯಲ್ಲಿ ಅದೆಷ್ಟು ಹಾಲು ಉಕ್ಕುತ್ತದೋ ದೇವರೇ ಬಲ್ಲ. ಪತ್ರವಾದರೆ ನೀನು ಮಧ್ಯೆ ಬಾಯಿ ಹಾಕುವಂತಿಲ್ಲ.

ನೀನು ಕೇಳಿದ್ದೆ: 'ಅಕ್ಕ, ನೀನು ಹಾಕಿಸಿಕೊಳ್ತಿರೋ ಆ ಹೊಸ ಇಂಜೆಕ್ಷನ್ ಹೇಗಿದೆ? ನಮ್ಮ ಡಾಕ್ಟ್ರು ಅದು ಬರೋವರೆಗೂ ಕಾಯಿರಿ, ಆಪರೇಷನ್ ಬೇಡ ಅಂತಾರೆ.' ಉತ್ತರ ಒಂದೇ ಮಾತಿನದು. ಗೊತ್ತಿಲ್ಲ. ನನಗೂ ಗೊತ್ತಿಲ್ಲ, ಅದನ್ನು ಪರೀಕ್ಷಿಸುತ್ತಿರುವ ದೊಡ್ಡ ಡಾಕ್ಟರಿಗೂ ಗೊತ್ತಿಲ್ಲ. ಯಾಕೆ ಗೊತ್ತಾಗಲಿಲ್ಲ ಎನ್ನುವುದನ್ನು ಹೇಳಿದರೆ ನೀನು ನಗುತ್ತೀಯ. ನಾನಂತೂ ನಗಲಿಲ್ಲ.

ಮೊದಲು ಜಾಗ ಹೇಳುತ್ತೇನೆ. ಮಂಡಿ ಸವೆದವರ ಸಂಶೋಧನೆಗೆ ಕೋಣೆ ಕೊಟ್ಟಿರುವುದು ಮೊದಲ ಮಹಡಿಯಲ್ಲಿ! ಲಿಫ್ಟು ಇದೆ, ಅದರ ಬಾಗಿಲಿಗೆ 'ರಿಪೇರಿಯಲ್ಲಿದೆ' ಎಂಬ ಚೀಟಿಯೂ ಇದೆ. ಆ ಚೀಟಿಯೇ ಹಳದಿ ಬಣ್ಣಕ್ಕೆ ತಿರುಗಿದೆ. ನಾವೆಲ್ಲ ಕಂಬಿ ಹಿಡಿದು, ಅಡ್ಡಡ್ಡ ತಿರುಗಿ, ಏಡಿಗಳ ಹಾಗೆ ಹತ್ತುತ್ತೇವೆ. ಮೇಲೆ ಉದ್ದನೆಯ ಬೆಂಚು. ಕೀಲಿನ ನಡುವಿನ ಮೆತ್ತೆ ಸವೆದು, ಮೂಳೆಗೆ ಮೂಳೆ ಉಜ್ಜುವವರೆಲ್ಲ ಅಲ್ಲಿ ಸಾಲಾಗಿ ಕೂರುತ್ತೇವೆ. ನನ್ನ ಪಕ್ಕ ನಿವೃತ್ತ ಹೆಡ್‌ಮಾಸ್ಟರು, ಅವರಾಚೆ ಒಂದು ಹಾಸ್ಟೆಲಿನ ಅಡುಗೆಯಾಕೆ.

ಅರ್ಧ ಜನರ ಮಂಡಿಗೆ ಮದ್ದು ಚುಚ್ಚುತ್ತಾರೆ, ಇನ್ನರ್ಧ ಜನರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎನ್ನುವುದು ಚುಚ್ಚಿಸಿಕೊಳ್ಳುವವರಿಗೂ ಗೊತ್ತಿಲ್ಲ, ಚುಚ್ಚುವವರಿಗೂ ಗೊತ್ತಿಲ್ಲ. ಮೋಸವಲ್ಲ, ಮೊದಲೇ ಹೇಳಿ ಒಪ್ಪಿಗೆ ಪಡೆದಿದ್ದರು. ಆಮೇಲೆ ಪ್ರತಿ ತಿಂಗಳು ಒಬ್ಬ ನರ್ಸಮ್ಮ ಎದುರು ಕೂತು ಕೇಳುತ್ತಾಳೆ, 'ಮೆಟ್ಟಿಲು ಹತ್ತುವಾಗ ನೋವು ಎಷ್ಟು? ಏನೂ ಇಲ್ಲ ಅಂದ್ರೆ ಸೊನ್ನೆ, ತಡೆಯಕ್ಕೇ ಆಗಲ್ಲ ಅಂದ್ರೆ ಹತ್ತು.' ನಾವು ಹೇಳಿದ ಅಂಕಿಯೇ ಆ ಸಂಶೋಧನೆಯ ಬಂಡವಾಳ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ನೋವು ಕಾಣುವುದಿಲ್ಲವಲ್ಲ.

ಆ ನರ್ಸಮ್ಮ ಬಸುರಿ. ಎಲ್ಲ ಎಡವಟ್ಟಾದದ್ದು ಅಲ್ಲೇ.

ಮೊದಲ ತಿಂಗಳು ಹೊಟ್ಟೆ ಕಾಣುತ್ತಿರಲಿಲ್ಲ. ಎಲ್ಲರೂ ಏಳು, ಎಂಟು ಎಂದು ನೇರವಾಗಿ ಹೇಳಿದರು. ಹೊಟ್ಟೆ ಕಾಣತೊಡಗಿದ ಮೇಲೆ ಬೆಂಚಿನಲ್ಲಿ ಗುಸುಗುಸು ಶುರುವಾಯಿತು. 'ಪಾಪ, ಚೊಚ್ಚಲು ಬಸುರಿ. ಅವಳ ಮುಂದೆ ನೋವು ನೋವು ಅಂತ ಯಾಕೆ ಗೋಳಾಡೋದು?' ಎಂದಳು ಅಡುಗೆಯಾಕೆ. ಹೆಡ್‌ಮಾಸ್ಟರು ಅದಕ್ಕೆ ಮುದ್ರೆ ಒತ್ತಿದರು. ಅಂದಿನಿಂದ ಒಬ್ಬರು ಐದು ಅಂದರು, ಮುಂದಿನ ತಿಂಗಳು ನಾಲ್ಕು, ಆಮೇಲೆ ಎರಡು. ಅವಳ ಹೊಟ್ಟೆ ಬೆಳೆದ ಹಾಗೆಲ್ಲ ಇವರ ನೋವು ಇಳಿಯುತ್ತಾ ಬಂತು.

ನಾನು ಮಾತ್ರ ಎಂಟು ಅಂದೆ. ನೋಯುತ್ತಿದ್ದದ್ದು ಎಂಟು, ಅದಕ್ಕೇ ಎಂಟು ಅಂದೆ. ಹೊರಗೆ ಬಂದಾಗ ಹೆಡ್‌ಮಾಸ್ಟರು ಹುಬ್ಬು ಗಂಟು ಹಾಕಿ, 'ನೀವು ಹೇಳಿದ್ದು ಇಲ್ಲಿವರೆಗೂ ಕೇಳಿಸ್ತು. ಸ್ವಲ್ಪ ತಾಳ್ಮೆ ಇರಲಿ ತಾಯಿ. ತಾಳಿದವನು ಬಾಳಿಯಾನು ಅಂತ ದೊಡ್ಡವರು ಹೇಳಿದ್ದಾರೆ' ಅಂದರು. 'ತಾಳಿದವನು ಅಂತ ಹೇಳಿದ್ದಾರೆ ಮೇಷ್ಟ್ರೇ, ತಾಳಿದವಳು ಬಾಳಿದ್ದನ್ನ ನಾನಂತೂ ನೋಡಿಲ್ಲ' ಅಂದೆ. ಅವರಿಗೆ ನನ್ನ ಮೇಲೆ ಕೋಪ ಬಂತು. ಬರಲಿ. ಅವರವರ ಮಂಡಿ ಅವರವರದು ಎಂದು ಆಗ ಸುಮ್ಮನಾದೆ.

ನಿನ್ನ ಭಾವ ಟೀಗೆ ಕೂಗುತ್ತಿದ್ದಾರೆ. ಮಾಡಿಕೊಳ್ಳಿ ಅಂದರೆ ಕೇಳಿಸುವುದಿಲ್ಲ. ನಾಳೆ ಬರೆಯುತ್ತೇನೆ.

ಗುರುವಾರ

ನಾಳೆ ಅಂದದ್ದು ನಾಡಿದ್ದಾಯಿತು. ಮಂಡಿ ಊದಿಕೊಂಡು, ನಿನ್ನೆ ಕಾಲಡಿ ದಿಂಬಿಟ್ಟು ಮಲಗಿದ್ದೆ.

ಹೋದ ವಾರ ದೊಡ್ಡ ಡಾಕ್ಟರು ನಮ್ಮನ್ನೆಲ್ಲ ವ್ಯಾಯಾಮದ ಹಾಲಿನಲ್ಲಿ ಕೂರಿಸಿದರು. ಹೊರಗಿನ ಸಮಿತಿಯೊಂದು ಲೆಕ್ಕ ತೆಗೆದು ನೋಡಿತಂತೆ. ಉಪ್ಪುನೀರಿನವರ ನೋವೂ ಇಳಿದಿದೆ, ಮದ್ದಿನವರ ನೋವೂ ಅಷ್ಟೇ ಇಳಿದಿದೆ. 'ಅಂದ್ರೆ ಈ ಮದ್ದಿಗೆ ಉಪ್ಪುನೀರಿಗಿಂತ ಹೆಚ್ಚಿನ ಗುಣ ಇಲ್ಲ ಅಂತಾಯ್ತು. ಸಂಶೋಧನೆ ಇಲ್ಲಿಗೆ ನಿಲ್ಲಿಸ್ತೀವಿ. ನಿಮ್ಮ ಸಹಕಾರಕ್ಕೆ ಧನ್ಯವಾದ' ಎಂದು ಕೈ ಮುಗಿದರು.

ಗುಬ್ಬಿ, ನನಗೆ ಆಗ ಹೊಳೆಯಿತು. ಈ ಪುಣ್ಯಾತ್ಮರ ಕನಿಕರ ಒಂದು ಮದ್ದನ್ನೇ ಕೊಲ್ಲುತ್ತಿದೆ. ಅದು ನಿಜಕ್ಕೂ ಕೆಲಸ ಮಾಡುವ ಮದ್ದಾಗಿದ್ದರೆ? ಅದಕ್ಕಾಗಿ ನೀನು ಅಲ್ಲಿ ಕಾದು ಕೂತಿದ್ದೀಯ. ನಿನ್ನಂಥವರು ಇನ್ನೆಷ್ಟು ಮಂದಿಯೋ. ನಾನು ಎದ್ದು ನಿಂತು, ಲಾರಿ ನಿಲ್ಲಿಸುವ ಹಾಗೆ ಅಂಗೈ ಎತ್ತಿದೆ.

'ನಿಲ್ಲಿ ಡಾಕ್ಟ್ರೇ. ಇವರೆಲ್ಲ ಸುಳ್ಳು ಹೇಳಿದ್ದಾರೆ.'

ಹೆಡ್‌ಮಾಸ್ಟರ ಕಿವಿ ಕೆಂಪಾಯಿತು. 'ಸುಳ್ಳಲ್ಲ ಅದು, ಸೌಜನ್ಯ!' ಎಂದು ಗುಡುಗಿದರು.

ದೊಡ್ಡ ಡಾಕ್ಟರು ಮಗುವಿಗೆ ಹೇಳುವ ಹಾಗೆ, 'ಅಮ್ಮಾ, ಟ್ರಾಫಿಕ್ಕು ನಿಮಗೆ ಗೊತ್ತು, ಸಂಶೋಧನೆ ನಮಗೆ ಬಿಡಿ. ಅಂಕಿಗಳು ಇವೆಯಲ್ಲ' ಅಂದರು.

'ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಡಾಕ್ಟ್ರೇ? ಮೇಷ್ಟ್ರೇ, ಹೋದ ತಿಂಗಳು ನಿಮ್ಮದು ಎರಡು ಅಲ್ವಾ? ಕೈ ಊರದೆ ಆ ಕುರ್ಚಿಯಿಂದ ಏಳಿ ನೋಡೋಣ.'

ಮನುಷ್ಯ ಹಠಮಾರಿ, ಎದ್ದೇಬಿಡುತ್ತೇನೆ ಎಂದು ಹೊರಟರು. ಅರ್ಧ ಎದ್ದಾಗ ಮುಖ ಬಿಳುಚಿ, ತುಟಿ ಕಚ್ಚಿ, ಧಪ್ಪನೆ ಕೂತರು. ಅಯ್ಯೋ ಎಂದೂ ಅನ್ನಲಿಲ್ಲ, ಎದುರಿಗೆ ಆ ಬಸುರಿ ನಿಂತಿದ್ದಳಲ್ಲ. ಆದರೂ ನಾನು ಬಿಡಲಿಲ್ಲ. 'ಇದು ಎರಡಾ?' ಅಂದೆ.

ಆಗ ಅಡುಗೆಯಾಕೆ ಯಾರೂ ಕೇಳದೆ ತಾನಾಗಿ ಎದ್ದು ನಿಂತಳು. ಕೈ ಊರಲಿಲ್ಲ. ಕೂತಳು, ಮತ್ತೆ ಎದ್ದಳು. 'ನನ್ನದು ನಿಜವಾಗ್ಲೂ ಎರಡೇ ಕಣಮ್ಮ. ಆಣೆ ಮಾಡ್ತೀನಿ. ಈಗ ಹಾಸ್ಟೆಲಿನ ದೊಡ್ಡ ಪಾತ್ರೆ ನಾನೇ ಇಳಿಸ್ತೀನಿ' ಎಂದು ಅಳತೊಡಗಿದಳು. ಅವಳ ನಿಜದ ಎರಡೂ ಮೇಷ್ಟರ ಸೌಜನ್ಯದ ಎರಡೂ ಲೆಕ್ಕದಲ್ಲಿ ಒಂದೇ ಆಗಿ ಕೂತಿದ್ದವು.

ನರ್ಸಮ್ಮ ಹೆದರಿ ಅಳುತ್ತಾಳೆ ಎಂದುಕೊಂಡಿದ್ದೆ. ಅವಳಿಗೆ ಬಂದದ್ದು ಸಿಟ್ಟು. ಸೊಂಟಕ್ಕೆ ಕೈ ಕೊಟ್ಟು, 'ನನಗೋಸ್ಕರಾನಾ? ನಾನೇನು ಗಾಜಿನ ಬೊಂಬೇನಾ? ಇನ್ನೆರಡು ತಿಂಗಳಿಗೆ ಹೆರೋಳು ನಾನು, ನಿಮ್ಮ ಮಂಡಿ ನೋವು ಕೇಳೋಕಾಗಲ್ವಾ ನನಗೆ? ಎಷ್ಟು ತಿಂಗಳು ಕೂತು ಕೇಳಿದೀನಿ! ನನಗೆ ನಿಮ್ಮ ಕರುಣೆ ಬೇಡ, ನಿಮ್ಮ ನೋವು ಬೇಕು' ಎಂದಳು. ಇಂಥವಳ ಮುಂದೆ ಲಾರಿಯೂ ಬ್ರೇಕು ಹಾಕುತ್ತದೆ. ನಾನು ಚಪ್ಪಾಳೆ ತಟ್ಟಿದೆ. ಬೇರೆ ಯಾರೂ ತಟ್ಟಲಿಲ್ಲ.

ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಗೊಣಗಿದರು. ನಾನು ಬಾಗಿಲಿಗೆ ಅಡ್ಡ ನಿಂತೆ. 'ಇವತ್ತೇ ಇನ್ನೊಂದ್ಸಲ ಕೇಳಿಸಿ. ಯಾರನ್ನ ಕಂಡ್ರೆ ಯಾರಿಗೂ ಅಯ್ಯೋ ಪಾಪ ಅನ್ನಿಸಲ್ವೋ ಅಂಥವರ ಕೈಲಿ ಕೇಳಿಸಿ.' ಅಂಥವನೊಬ್ಬ ಅಲ್ಲೇ ಇದ್ದ, ಎಕ್ಸ್‌ರೇ ತೆಗೆಯುವವನು. ಅವನ ಗಂಟುಮುಖ ಕಂಡರೆ ಇಲ್ಲದ ನೋವೂ ಬರುತ್ತದೆ. ಅವನು ಒಬ್ಬೊಬ್ಬರನ್ನೇ ಒಳಗೆ ಕರೆದು, ತಲೆ ಎತ್ತದೆ 'ಎಷ್ಟು?' ಅಂದ. ಹೆಡ್‌ಮಾಸ್ಟರು 'ಒಂಬತ್ತು' ಎಂದು ಅರಚಿದ್ದು ಮೆಟ್ಟಿಲ ಬುಡಕ್ಕೂ ಕೇಳಿಸಿತು. ಹೊರಗೆ ಬಂದಾಗ ಅವರ ಕಣ್ಣು ಒದ್ದೆ, ಮುಖ ಮಾತ್ರ ಹಗುರ. ನನ್ನೊಡನೆ ಈಗಲೂ ಮಾತು ಬಿಟ್ಟಿದ್ದಾರೆ, ಆದರೆ ಇಳಿಯುವಾಗ ಕಂಬಿಯ ಕಡೆ ನನಗೆ ಬಿಟ್ಟುಕೊಟ್ಟರು.

ನಿನ್ನೆ ನರ್ಸಮ್ಮ ಫೋನು ಮಾಡಿದ್ದಳು. ಹಳೆಯ ಅಂಕಿ ತಿದ್ದುವಂತಿಲ್ಲ, ಹಾಗಾಗಿ ಮದ್ದು ಗೆದ್ದಿತು ಎಂದೂ ಹೇಳುವಂತಿಲ್ಲ. ಸೋತಿತು ಎಂದು ಮುಚ್ಚುವುದನ್ನು ಮಾತ್ರ ತಡೆಹಿಡಿದಿದ್ದಾರೆ. ಹೊಸಬರನ್ನು ಸೇರಿಸಿ ಮೊದಲಿನಿಂದ ಶುರುಮಾಡುತ್ತಾರಂತೆ, ಅವರವರೇ ಅಂಕಿ ಬರೆದು ಪೆಟ್ಟಿಗೆಗೆ ಹಾಕಬೇಕಂತೆ. ಅದು ಮುಗಿಯಲು ವರ್ಷಗಳೇ ಬೇಕು.

ಆದ್ದರಿಂದ ಕೇಳು. ನೀನು ಕಾಯಬೇಡ. ನನಗೆ ಬಿದ್ದದ್ದು ಉಪ್ಪುನೀರೋ ಮದ್ದೋ, ನನ್ನ ಮಂಡಿ ಎಂಟರಲ್ಲೇ ನಿಂತಿದೆ. ಮಂಡಿ ಬದಲಿಸುವ ಆಪರೇಷನ್ನಿನ ಸರದಿಗೆ ಹೆಸರು ಕೊಟ್ಟು ಬಂದಿದ್ದೇನೆ. 'ಈ ವಯಸ್ಸಲ್ಲಿ ಇದೆಲ್ಲ ಸಾಮಾನ್ಯ ಅಮ್ಮ' ಅಂದ ಅಲ್ಲಿಯ ಚಿಕ್ಕ ಡಾಕ್ಟರ್. 'ಸಾಮಾನ್ಯ ಆದ್ರೆ ನೀನೇ ಇಟ್ಕೋಪ್ಪ' ಅಂದೆ. ನೀನೂ ಹೋಗು. ನಿನ್ನ ಡಾಕ್ಟರ ಎದುರು ತಲೆ ತಗ್ಗಿಸಿ ಕೂರಬೇಡ. ಕಾಯಿರಿ ಅಂದರೆ, ಎಷ್ಟು ದಿನ, ಯಾತಕ್ಕೆ ಎಂದು ಕೇಳು.

ನಿನ್ನ ಮಗನಿಗೂ ಸೊಸೆಗೂ ನನ್ನ ಆಶೀರ್ವಾದ. ಸೊಸೆಗೆ ಒಂದು ಹಿಡಿ ಹೆಚ್ಚೇ ಇರಲಿ. ನೀನು ನೂರು ಕಾಲ ಬಾಳು, ನಿನ್ನ ಕಾಲ ಮೇಲೆ ನಿಂತು ಬಾಳು.

ನಿನ್ನ
ಸೀಟಿ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನ ಸೊಸೆ ಹೋದ ತಿಂಗಳು ಫೋನು ಮಾಡಿದ್ದಳು. ನೀನು ಮಹಡಿಯಿಂದ ಕೂತು ಕೂತೇ ಮೆಟ್ಟಿಲಿಳಿಯುತ್ತೀಯಂತೆ. ನನ್ನ ನಿವೃತ್ತಿಯ ಬೀಳ್ಕೊಡುಗೆಗೆ ಹೊಸ ಬಟ್ಟೆ ಉಟ್ಟು ನಿಮ್ಮೂರ ರೈಲ್ವೆ ಸ್ಟೇಷನ್ನಿಗೂ ಹೋಗಿದ್ದೆಯಂತೆ. ರೈಲು ಹತ್ತಲು ಕಾಲು ಎತ್ತಲಾಗದೆ, ಬಾಗಿಲ ಕಂಬಿ ಹಿಡಿದು ಅತ್ತು, ಮನೆಗೆ ಮರಳಿದೆಯಂತೆ. ನನಗೆ ಬರೆದದ್ದು ಮಾತ್ರ 'ಕೆಲಸ ಬಂತು ಅಕ್ಕ'. ಆ ದಿನ ವೇದಿಕೆಯ ಮುಂದೆ ನಿನಗೆಂದು ಇಟ್ಟ ಕುರ್ಚಿಯಲ್ಲಿ ಯಾರನ್ನೂ ಕೂರಲು ಬಿಡಲಿಲ್ಲ ನಾನು. ಎರಡು ವರ್ಷ ನಿನ್ನನ್ನು ಸೊಕ್ಕಿನವಳು ಎಂದು ಮನಸ್ಸಿನಲ್ಲೇ ಬೈದೆ. ನಿನ್ನ ನೋವು ಹೇಳುವುದಕ್ಕಿಂತ ನನ್ನ ಕೈಲಿ ಬೈಸಿಕೊಳ್ಳುವುದೇ ಸುಲಭವಾಯಿತೇನೇ ನಿನಗೆ? ಉತ್ತರ ತಡವಾದದ್ದು ಇದಕ್ಕೇ.

ಈಗ ಹೇಳು, ಗುಬ್ಬಿ. ಮೆಟ್ಟಿಲು ಇಳಿಯುವಾಗ ಎಷ್ಟು? ನಿಜ ಹೇಳು. ನಾನು ಬಸುರಿಯಲ್ಲ, ನಿನ್ನ ಅಕ್ಕ.