ಅಣ್ಣನ ಹಿಮ್ಮಡಿ

ಜೂನ್ 4, ಬೆಳಗ್ಗೆ 6.15
ಬೆರಳು ಚುಚ್ಚಿದ್ದಾಯ್ತು. 148. ನಿನ್ನೆಗಿಂತ ಹದಿನಾಲ್ಕು ಕಮ್ಮಿ. ಮೀಟರ್‌ಗೆ ಮುತ್ತು ಕೊಡೋದೊಂದು ಬಾಕಿ. ಶುಗರ್ ಇದೆ ಅಂತ ಗೊತ್ತಾಗಿ ಇವತ್ತಿಗೆ ಇಪ್ಪತ್ತು ದಿನ. ತಿಂಡಿ ಆದ್ಮೇಲೆ ಮಾತ್ರೆ, ಊಟ ಆದ್ಮೇಲೆ ಅರ್ಧ ಗಂಟೆ ನಡಿಗೆ.

ಅದೇ ದಿನ, ಮಧ್ಯಾಹ್ನ 3
ಅಂಗಡಿ ಖಾಲಿ. ಅಣ್ಣ ಬಟ್ಟೆ ಕತ್ತರಿಸ್ತಾನೆ, ನಾನು ಹೊಲಿತೀನಿ — ಇಪ್ಪತ್ತಾರು ವರ್ಷದಿಂದ ಇದೇ. ಟೀಗೆ ಸಕ್ಕರೆ ಬೇಡ ಅಂದೆ. ನನ್ನ ಪಾಲಿಂದೂ ತನ್ನ ಲೋಟಕ್ಕೇ ಸುರ್ಕೊಂಡ.
"ನೀನೂ ಒಂದ್ಸಲ ಟೆಸ್ಟ್ ಮಾಡಿಸು. ಅಪ್ಪಂಗೂ ಇತ್ತು."
"ನಂಗೇನು ಧಾಡಿ? ಕಲ್ಲುಗುಂಡಿನ ಥರ ಇದ್ದೀನಿ."
ಕಲ್ಲುಗುಂಡು ದಿನಕ್ಕೆ ಹತ್ತು ಸಲ ಬಾತ್‌ರೂಮಿಗೆ ಹೋಗುತ್ತೆ.

ಜೂನ್ 11
ಡಾಕ್ಟ್ರಮ್ಮ ಬೈದ್ರು. ನಂಬರ್ ಚೆನ್ನಾಗಿ ಬರ್ಲಿ ಅಂತ ಎರಡು ದಿನ ಊಟ ಬಿಟ್ಟಿದ್ದೆ. "ಪರೀಕ್ಷೆ ಹಿಂದಿನ ದಿನ ಓದೋರ ಥರ ಆಡ್ಬೇಡಿ. ಮೂರು ತಿಂಗಳ ಸರಾಸರಿ ಹೇಳೋ ಟೆಸ್ಟ್ ಒಂದಿದೆ. ಅದರ ಹತ್ರ ನಿಮ್ಮ ಆಟ ನಡೆಯಲ್ಲ." ಅನ್ನ ಬಿಡೋದಲ್ಲ, ಕಮ್ಮಿ ಮಾಡೋದು. ಅರ್ಧ ತಟ್ಟೆ ತರಕಾರಿ. ದಿನಾ ಅಂಗಾಲು ನೋಡ್ಕೋಬೇಕು, ಕನ್ನಡಿ ಹಿಡಿದು. ಮುಖಾನೇ ಸರಿಯಾಗಿ ನೋಡ್ಕೊಳ್ಳದವನು ನಾನು!

ಜೂನ್ 19, ಸಂಜೆ
ಅಣ್ಣ ಅಂಗಡಿ ತುಂಬ ಬರಿಗಾಲಲ್ಲೇ ಓಡಾಡೋನು. ಚಪ್ಪಲಿ ಹಾಕಿದ್ರೆ ಕತ್ತರಿ ನೇರ ಹೋಗಲ್ವಂತೆ. ಇವತ್ತು ಬಟ್ಟೆ ಇಳಿಸೋಕೆ ಸ್ಟೂಲ್ ಹತ್ತಿದ. ಹಿಮ್ಮಡಿ ನನ್ನ ಕಣ್ಣೆದುರಿಗೆ. ಅದರಲ್ಲಿ ಗುಂಡುಪಿನ್ನು — ತಲೆವರೆಗೂ ಇಳಿದಿದೆ. ಸುತ್ತ ಕೆಂಪು, ಕೀವು.
"ಅಣ್ಣ, ನೋವಾಗ್ತಿಲ್ವಾ?"
"ಎಲ್ಲಿ?"
ಬಗ್ಗಿ ನೋಡಿದ. ಕೂತುಬಿಟ್ಟ. ಆಮೇಲೆ ಮೆಲ್ಲಗೆ, "ಆರು ತಿಂಗಳಿಂದ ಹತ್ತಿ ಮೇಲೆ ನಡೆದ ಹಾಗಿದೆ ಕಣೋ. ಅಪ್ಪಂದು ಕಾಲ್ಬೆರಳು ತೆಗೆದ್ರಲ್ಲ... ಅದಕ್ಕೇ ಟೆಸ್ಟ್ ಬೇಡ ಅಂತಿದ್ದೆ."
ಷಟರ್ ಎಳೆದು ಕರ್ಕೊಂಡು ಹೋದೆ. ಶುಗರ್ 318. ಅದೇ ಕಾಲಿನ ಸ್ಪರ್ಶ ತಿಂದುಹಾಕಿದೆಯಂತೆ. ಡಾಕ್ಟ್ರಮ್ಮ ಪಿನ್ನು ತೆಗೆದು, ಗಾಯ ತೊಳೆದು, ಎಕ್ಸ್‌ರೇ ನೋಡಿದ್ರು. "ಮೂಳೆಗೆ ಹೋಗಿಲ್ಲ. ಇನ್ನೊಂದು ವಾರ ಬಿಟ್ಟಿದ್ರೆ ಈ ಮಾತು ಹೇಳೋಕಾಗ್ತಿತ್ತೋ ಇಲ್ವೋ."

ಜುಲೈ 2
ಬರೆಯೋಕೆ ಕೈ ಬರ್ಲಿಲ್ಲ ಇಷ್ಟು ದಿನ. ದಿನ ಬಿಟ್ಟು ದಿನ ಡ್ರೆಸ್ಸಿಂಗ್. ಅಣ್ಣನ ಕಾಲಿಗೆ ಮಾತ್ರ ರಜ, ಬಾಯಿಗಿಲ್ಲ. ಕತ್ತರಿ ನನ್ನ ಕೈಗೆ ಬಂತು. "ಶರ್ಟ್ ಅಂದ್ರೆ ಡೇರೆ ಕತ್ತರಿಸಿದ್ಯಲ್ಲೋ!" ಇವತ್ತು ಗಾಯ ಗುಲಾಬಿ ಬಣ್ಣಕ್ಕೆ ತಿರುಗಿದೆ. ಅತ್ತಿಗೆ ನಗ್ತಾ ನಗ್ತಾನೇ ಅತ್ತುಬಿಟ್ರು.

ಜುಲೈ 27
ಗಾಯ ಮುಚ್ಚಿತು! ಸ್ಪರ್ಶ ಮಾತ್ರ ವಾಪಸ್ ಬರುತ್ತೋ ಇಲ್ವೋ ಹೇಳಕ್ಕಾಗಲ್ವಂತೆ. ಇನ್ಮೇಲೆ ಕಾಲಿನ ಕೆಲಸಾನೂ ಕಣ್ಣೇ ಮಾಡ್ಬೇಕು. ಅಣ್ಣಂಗೆ ದಿನಕ್ಕೊಂದು ಇನ್ಸುಲಿನ್. ಮೊದಲ ದಿನ ಸೂಜಿ ನೋಡಿ ಬೆವೆತಿದ್ದ — ಜೀವಮಾನವೆಲ್ಲ ಸೂಜಿ ಜೊತೆ ಕಳೆದವನು! ಅತ್ತಿಗೆ ಬಿಡ್ತಾರಾ? "ಗುಂಡುಪಿನ್ನೇ ಗೊತ್ತಾಗ್ಲಿಲ್ಲ, ಇದೇನ್ರೀ ಮಹಾ?"
ಈಗ ಮೆತ್ತನೆ ಬೂಟು ಹಾಕ್ಕೊಂಡೇ ಕತ್ತರಿಸ್ತಾನೆ. ಗೆರೆ ನೇರವಾಗೇ ಇದೆ. ಗಿರಾಕಿಗಳಿಗೆಲ್ಲ ಉಪದೇಶ. ಪ್ಯಾಂಟ್ ಅಳತೆಗೆ ಬಂದ ಬ್ಯಾಂಕಿನವರ ಸಾಕ್ಸ್ ಬಿಚ್ಚಿಸಿ ಅಂಗಾಲು ನೋಡಿದ. "ನಾನು ಟೈಲರ್ ಹತ್ರ ತಾನೇ ಬಂದಿದ್ದು?" ಅಂದ್ರು ಪಾಪ.

ಸೆಪ್ಟೆಂಬರ್ 21, ಸಂಜೆ 5
ಮೂರು ತಿಂಗಳ ಸರಾಸರಿಯ ರಿಪೋರ್ಟ್ ಬಂತು, ಏಳರ ಹತ್ರ ಇರ್ಬೇಕಂತೆ. ನಂದು 6.7, ಅಣ್ಣಂದು 7.4. "ಶಭಾಷ್" ಅಂದ್ರು ಡಾಕ್ಟ್ರಮ್ಮ. ಅಣ್ಣಂಗೆ ನನಗಿಂತ ಹಿಂದೆ ಬಿದ್ದೆ ಅನ್ನೋದೇ ಉರಿ. ಅಂಗಡಿವರೆಗೂ ಪ್ಯಾಂಟ್ ಮೇಲೆ ಎಳ್ಕೊಂಡೇ ಬಂದ.
"ಜಾರ್ತಿದೆ ಕಣೋ. ಅಳತೆ ತಗೊ."
ಟೇಪ್ ಸುತ್ತಿದೆ. ಮೂವತ್ತೆಂಟು. ಹೊಟ್ಟೆ ಎಳ್ಕೊಂಡಿದ್ದಾನೆ, ಕಳ್ಳ!
"ಉಸಿರು ಬಿಡಣ್ಣ."
"ಬಿಡಲ್ಲ. ಹೀಗೇ ಹೊಲಿ."
ಜೊತೆಗೆ ಬಂದಿದ್ದ ಅತ್ತಿಗೆ ಕಿಸಕ್ಕಂತ ನಕ್ರು. ಅವನಿಗೂ ತಡೀಲಿಲ್ಲ, ಉಸಿರು ಬಿಟ್ಟೇಬಿಟ್ಟ. ನಲವತ್ತು. ಆದ್ರೂ ಮೊದಲಿಗಿಂತ ಎರಡಿಂಚು ಕಮ್ಮಿ! ಪ್ಯಾಂಟ್ ಬಿಚ್ಚಿ ಕೊಟ್ಟಿದ್ದಾನೆ. ಗಿರಾಕಿ ಬಂದ್ರು. ಅಣ್ಣ ಟವಲ್ ಸುತ್ಕೊಂಡು ಪರದೆ ಹಿಂದಿಂದ ಕೂಗ್ತಿದ್ದಾನೆ — ಬರೆದಿದ್ದು ಸಾಕು, ಮೊದಲು ನನ್ನ ಪ್ಯಾಂ...